ಆಫರ್ ಲೆಟರ್ ಎಂದರೆ ನಿಶ್ಚಯ, ನಿಕಾಹ್ ಅಲ್ಲ

ನಮ್ಮ ಮನೆಗಳಲ್ಲಿ ಆಫರ್ ಲೆಟರ್ ಬಂತೆಂದರೆ ಕೆಲಸ ಸಿಕ್ಕಿತು ಎಂದೇ ಲೆಕ್ಕ. ಮೊಬೈಲಿಗೆ ಪಿಡಿಎಫ್ ಬಂದ ಅರ್ಧ ಗಂಟೆಯೊಳಗೆ ಫ್ಯಾಮಿಲಿ ಗ್ರೂಪಿನಲ್ಲಿ ಮಾಶಾ ಅಲ್ಲಾಹ್‌ಗಳ ಸಾಲು. ಮರುದಿನ ಹುಡುಗ ಇಲ್ಲಿನ ಕೆಲಸಕ್ಕೆ ರಾಜೀನಾಮೆ ಬರೆಯುತ್ತಾನೆ. ವಾರದೊಳಗೆ ಉಮ್ಮನ ಬಳೆ ಅಡವಿಗೆ ಹೋಗುತ್ತದೆ. ಮದುವೆ ಮಾತುಕತೆ ನಿಂತಿದ್ದರೆ ಅದೂ ಮತ್ತೆ ಶುರು. ಇಷ್ಟೆಲ್ಲ ಆಗುವಾಗ ಆ ಪಿಡಿಎಫ್‌ನ ಎರಡನೇ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ನಿಮ್ಮ ವಿದ್ಯಾರ್ಹತೆ, ಅನುಭವ, ವೈದ್ಯಕೀಯ ತಪಾಸಣೆ ಮತ್ತು ಹಿನ್ನೆಲೆ ಪರಿಶೀಲನೆ ತೃಪ್ತಿಕರವಾಗಿದ್ದರೆ ಮಾತ್ರ ಈ ನೇಮಕಾತಿ ಜಾರಿಗೆ ಬರುತ್ತದೆ ಎಂದು. ಅದನ್ನು ಓದುವವರು ಯಾರು ಮಾರಾಯ್ರೆ? ಸಂಬಳದ ಅಂಕಿ ಮೊದಲ ಪುಟದಲ್ಲೇ ಉಂಟಲ್ಲ.

ಇಂತಹ ಪತ್ರಕ್ಕೆ ಕಾನೂನಿನಲ್ಲಿ ಷರತ್ತುಬದ್ಧ ಕರಾರು ಎನ್ನುತ್ತಾರೆ. ಹೊಸದೇನೂ ಅಲ್ಲ, 1872ರ ಭಾರತೀಯ ಕರಾರು ಕಾಯ್ದೆಯ 31 ಮತ್ತು 32ನೇ ಕಲಮುಗಳಲ್ಲಿ ಇದೆ. ಮುಂದೆ ಒಂದು ಘಟನೆ ನಡೆದರೆ ಮಾತ್ರ ಕರಾರು ಜಾರಿ ಎಂದಿದ್ದರೆ, ಆ ಘಟನೆ ನಡೆಯುವವರೆಗೆ ಅದನ್ನು ಜಾರಿ ಮಾಡಿಸಲು ಬರುವುದಿಲ್ಲ. ಆ ಘಟನೆ ನಡೆಯುವುದೇ ಅಸಾಧ್ಯವಾದರೆ ಕರಾರು ಅನೂರ್ಜಿತ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಆಫರ್ ಲೆಟರ್ ಎಂದರೆ ನಿಶ್ಚಯ. ನಿಶ್ಚಯವಾದ ರಾತ್ರಿಯೇ ಯಾರೂ ಹುಡುಗಿಯನ್ನು ಕಳುಹಿಸಿಕೊಡುವುದಿಲ್ಲ. ಆದರೆ ಇದ್ದ ಕೆಲಸವನ್ನು ಮಾತ್ರ ಆಫರ್ ಲೆಟರ್ ಬಂದ ರಾತ್ರಿಯೇ ಬಿಟ್ಟುಬಿಡುತ್ತೇವೆ.

ಖಾಸಗಿ ಕಂಪೆನಿಯೊಂದು ನಂತರ ಆಫರನ್ನು ಹಿಂದೆ ತೆಗೆದುಕೊಂಡರೆ, ಕೋರ್ಟಿಗೆ ಹೋಗಿ ಕೆಲಸ ಕೊಡಿಸಿಕೊಳ್ಳುತ್ತೇವೆ ಎಂದು ಹೊರಡುವವರು ಇದ್ದಾರೆ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ ಪ್ರಕಾರ ವೈಯಕ್ತಿಕ ಸೇವೆಯ ಕರಾರನ್ನು ಕೋರ್ಟು ಬಲವಂತದಿಂದ ನಡೆಸಿಕೊಡುವುದಿಲ್ಲ. ಹೆಚ್ಚೆಂದರೆ ನಷ್ಟ ಪರಿಹಾರ ಕೇಳಬಹುದು. ಅದೂ ನಷ್ಟವನ್ನು ಸಾಬೀತು ಮಾಡಿದ ಮೇಲೆ. ಬಿಟ್ಟು ಬಂದ ಹಳೆಯ ಕೆಲಸ ಅಷ್ಟರಲ್ಲಿ ಬೇರೆಯವರಿಗೆ ಹೋಗಿರುತ್ತದೆ.

ಸರಕಾರಿ ಮತ್ತು ಬ್ಯಾಂಕ್ ನೌಕರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಸಂವಿಧಾನದ ಸಮಾನತೆಯ ತತ್ವ ಅನ್ವಯಿಸುತ್ತದೆ, ಹೈಕೋರ್ಟಿಗೆ ರಿಟ್ ಹಾಕಬಹುದು. ಆದರೆ ಅಲ್ಲಿಯೂ ಕೋರ್ಟು ಕರುಣೆಯ ಮೇಲೆ ತೀರ್ಪು ಬರೆಯುವುದಿಲ್ಲ ಎಂಬುದಕ್ಕೆ 2020ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಪ್ರಕರಣ ನೋಡಿ. ಬ್ಯಾಂಕು ಪ್ಯೂನ್ ಹುದ್ದೆಗೆ ಅರ್ಜಿ ಕರೆದಿತ್ತು. ಹನ್ನೆರಡನೇ ತರಗತಿ ಪಾಸಾಗಿರಬೇಕು, 2016ರ ಜನವರಿ 1ಕ್ಕೆ ಪದವೀಧರನಾಗಿರಬಾರದು ಎಂದು ಪ್ರಕಟಣೆಯಲ್ಲೇ ಬರೆದಿತ್ತು. ಒಡಿಶಾದ ಯುವಕನೊಬ್ಬ ಅರ್ಜಿ ಹಾಕಿದ. ಆತ 2014ರಲ್ಲೇ ಡಿಗ್ರಿ ಮುಗಿಸಿದ್ದ. ಅರ್ಜಿಯಲ್ಲಿ ಮಾತ್ರ ಹನ್ನೆರಡನೇ ತರಗತಿಯನ್ನಷ್ಟೇ ತೋರಿಸಿದ. ಆಯ್ಕೆಯೂ ಆಯಿತು. ದಾಖಲೆ ಪರಿಶೀಲಿಸುವಾಗ ಡಿಗ್ರಿಯ ವಿಷಯ ಹೊರಗೆ ಬಂತು, ಬ್ಯಾಂಕು ಬೇಡ ಎಂದಿತು. ಒಡಿಶಾ ಹೈಕೋರ್ಟು ಹುಡುಗನ ಪರ ನಿಂತಿತು. ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದು ಮಾಡಿತು.

ಈ ತೀರ್ಪಿನ ಬಗ್ಗೆ ಮಾತಾಡಿದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಸಿಟ್ಟು ಬರುತ್ತದೆ. ಹೆಚ್ಚು ಕಲಿತದ್ದು ಅಪರಾಧವಾ ಎಂದು ಕೇಳುತ್ತಾರೆ. ಡಿಗ್ರಿ ಮಾಡಿದವನು ಪ್ಯೂನ್ ಕೆಲಸಕ್ಕೆ ಕೈಚಾಚಬೇಕಾದ ದೇಶದ ಸ್ಥಿತಿಯ ಬಗ್ಗೆ ನನಗೂ ಬೇಸರವೇ. ಆದರೆ ಕೋರ್ಟು ಹೇಳಿದ ಎರಡು ವಿಷಯಗಳನ್ನು ತಳ್ಳಿಹಾಕಲು ಆಗುವುದಿಲ್ಲ. ಒಂದು, ಹುದ್ದೆಗೆ ಯಾವ ಅರ್ಹತೆ ಬೇಕು ಎಂದು ನಿರ್ಧರಿಸುವುದು ಕೆಲಸ ಕೊಡುವವನ ಹಕ್ಕು, ಆ ಷರತ್ತು ಅನ್ಯಾಯ ಎನಿಸಿದ್ದರೆ ಅರ್ಜಿ ಹಾಕುವ ಮೊದಲೇ ಪ್ರಶ್ನಿಸಬೇಕಿತ್ತು. ಎರಡು, ಮುಚ್ಚಿಟ್ಟವನಿಗೆ ಹಕ್ಕು ಕೇಳುವ ಮುಖ ಇಲ್ಲ. ಆ ಸಾಲಿನಲ್ಲಿ ಇನ್ನೊಬ್ಬನೂ ನಿಂತಿದ್ದ ಎಂಬುದನ್ನು ನಾವು ಮರೆಯುತ್ತೇವೆ. ಡಿಗ್ರಿ ಮಾಡಲು ದುಡ್ಡಿಲ್ಲದೆ ಹನ್ನೆರಡನೇ ತರಗತಿಗೇ ನಿಂತವನು, ಪ್ಯೂನ್ ಹುದ್ದೆಯಾದರೂ ತನಗೆ ಸಿಗಬಹುದೆಂದು ಅರ್ಜಿ ಹಾಕಿದವನು. ಆ ಷರತ್ತು ಇದ್ದದ್ದು ಅವನಿಗಾಗಿ.

ನಮ್ಮ ಕಡೆ ಇದೇ ಕಥೆ ಬೇರೆ ವೇಷದಲ್ಲಿ ಉಂಟು. ಬಿಕಾಂ ಆದವನು ಹೌಸ್ ಡ್ರೈವರ್ ವೀಸಾದಲ್ಲಿ, ಡಿಪ್ಲೊಮಾ ಆದವನು ಲೇಬರ್ ವೀಸಾದಲ್ಲಿ ವಿಮಾನ ಹತ್ತುತ್ತಾನೆ. ಅಲ್ಲಿ ಹೋದ ಮೇಲೆ ಪ್ರೊಫೆಶನ್ ಚೇಂಜ್ ಮಾಡಿಸಿಕೊಡುತ್ತೇವೆ ಎಂದು ಏಜೆಂಟ್ ಹೇಳಿರುತ್ತಾನೆ. ಬಾಯಲ್ಲಿ ಹೇಳಿರುತ್ತಾನೆ. ಎರಡು ವರ್ಷ ಕಳೆದ ಮೇಲೆ ಜಗಳ ಬಂದರೆ ಅಲ್ಲಿನ ಕಾರ್ಮಿಕ ಇಲಾಖೆ ನೋಡುವುದು ಕಾಗದವನ್ನು. ಕಾಗದದಲ್ಲಿ ನೀನು ಡ್ರೈವರ್.

ಹೆಚ್ಚಿನ ವಿದ್ಯಾರ್ಹತೆ ಇದ್ದರೆ ಕಡಿಮೆಯದು ತನ್ನಿಂದ ತಾನೇ ಅದರೊಳಗೆ ಬಂತಲ್ಲ ಎಂಬ ವಾದವೂ ಕೋರ್ಟುಗಳಲ್ಲಿ ಬಹಳ ಸಲ ಬಂದಿದೆ. ಕೇರಳ ವಿದ್ಯುತ್ ಮಂಡಳಿಯ ಸಬ್ ಇಂಜಿನಿಯರ್ ಹುದ್ದೆಗೆ ಡಿಪ್ಲೊಮಾ ಕೇಳಿದ್ದಾಗ ಬಿಟೆಕ್ ಆದವರ ಪರವಾಗಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು, ಏಕೆಂದರೆ ಕೇರಳದ ನಿಯಮದಲ್ಲೇ ಅದಕ್ಕೆ ಅವಕಾಶ ಇತ್ತು. 2018ರಲ್ಲಿ ಜಮ್ಮು ಕಾಶ್ಮೀರದ ವಿದ್ಯುತ್ ಇಲಾಖೆಯ ಟೆಕ್ನಿಷಿಯನ್ ಹುದ್ದೆಯ ವಿಷಯ ಬಂತು. ಅಲ್ಲಿ ಮೆಟ್ರಿಕ್ ಜೊತೆ ಐಟಿಐ ಕೇಳಿದ್ದರು, ಡಿಪ್ಲೊಮಾ ಆದವರು ಅರ್ಜಿ ಹಾಕಿದ್ದರು. ಅಂತಹ ನಿಯಮ ಅಲ್ಲಿ ಇರಲಿಲ್ಲ. ಡಿಪ್ಲೊಮಾದವರು ಸೋತರು. ಅಂದರೆ ನಿಮ್ಮ ಸರ್ಟಿಫಿಕೇಟು ಎಷ್ಟು ದೊಡ್ಡದು ಎನ್ನುವುದರ ಮೇಲೆ ಕೇಸು ನಿಲ್ಲುವುದಿಲ್ಲ, ಪ್ರಕಟಣೆಯಲ್ಲಿ ಮತ್ತು ನಿಯಮದಲ್ಲಿ ಏನು ಬರೆದಿದೆ ಎನ್ನುವುದರ ಮೇಲೆ ನಿಲ್ಲುತ್ತದೆ. ತಾರೀಕಿನ ಲೆಕ್ಕವೂ ಹಾಗೆಯೇ. ಪ್ರಕಟಣೆಯಲ್ಲಿ ಬೇರೆ ದಿನ ಹೇಳದಿದ್ದರೆ ಅರ್ಜಿಯ ಕೊನೆಯ ದಿನದಂದು ಅರ್ಹತೆ ಕೈಯಲ್ಲಿರಬೇಕು ಎಂದು 1997ರಲ್ಲೇ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿದೆ. ಫಲಿತಾಂಶ ಬರುತ್ತದೆ, ಇನ್ಶಾ ಅಲ್ಲಾಹ್ ಪಾಸಾಗುತ್ತೇನೆ ಎಂದು ಅರ್ಜಿ ಹಾಕುವ ಕೊನೆಯ ಸೆಮಿಸ್ಟರಿನ ಮಕ್ಕಳು ಇದನ್ನು ತಿಳಿದಿರಬೇಕು.

ಇದುವರೆಗೆ ಹೇಳಿದ್ದು ಅಭ್ಯರ್ಥಿಯ ಕಡೆಯ ತಪ್ಪು. ಏನೂ ತಪ್ಪು ಮಾಡದೆ ಸಿಕ್ಕಿಬೀಳುವವರ ಬಗ್ಗೆ ನನಗೆ ಹೆಚ್ಚು ಸಂಕಟ.

ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಉದಾಹರಣೆ ನಮ್ಮ ಕಣ್ಣೆದುರೇ ಇದೆ. ಪಿಯುಸಿ ಮುಗಿಸಿ ಅಂಗಡಿಯಲ್ಲೋ ಗಲ್ಫ್‌ನಲ್ಲೋ ಕೆಲಸಕ್ಕೆ ನಿಂತು, ರಾತ್ರಿ ಓದಿ ಡಿಗ್ರಿ ಮಾಡಿಕೊಂಡ ಎಷ್ಟೋ ಮಂದಿಗೆ ಮುಕ್ತ ವಿವಿಯೇ ಆಸರೆ. ಮದುವೆಯಾದ ಮೇಲೆ ಓದು ಮುಂದುವರಿಸಿದ ಹೆಣ್ಣುಮಕ್ಕಳಿಗೂ ಅದೇ. 2012-13ರ ನಂತರದ ಕೋರ್ಸ್‌ಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಪ್ರಕಟಣೆ ಕೊಟ್ಟದ್ದು 2015ರಲ್ಲಿ. ಅಷ್ಟರಲ್ಲಿ ಮಕ್ಕಳು ಫೀಸು ಕಟ್ಟಿ, ಪರೀಕ್ಷೆ ಬರೆದು ಆಗಿತ್ತು. 2018ರಲ್ಲಿ ಮಾನ್ಯತೆ ಮತ್ತೆ ಸಿಕ್ಕಿತು, ಆದರೆ ಮುಂದಿನ ವರ್ಷಗಳಿಗೆ. ನಡುವಿನ ವರ್ಷಗಳ ಅಂಕಪಟ್ಟಿ ಹಿಡಿದುಕೊಂಡವರು ಪ್ರತಿ ಸಂದರ್ಶನದಲ್ಲೂ ತಲೆತಗ್ಗಿಸಬೇಕಾಯಿತು. ಇವರು ಯಾರಿಗೆ ಮೋಸ ಮಾಡಿದ್ದರು?

ಇಂಜಿನಿಯರಿಂಗ್‌ನಲ್ಲೂ ಹೀಗೆಯೇ ಆಯಿತು. ಕೆಲವು ಡೀಮ್ಡ್ ವಿಶ್ವವಿದ್ಯಾನಿಲಯಗಳು ಎಐಸಿಟಿಇ ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಇಂಜಿನಿಯರಿಂಗ್ ಡಿಗ್ರಿ ಕೊಟ್ಟಿದ್ದವು. 2017ರಲ್ಲಿ ಸುಪ್ರೀಂ ಕೋರ್ಟು ಹಳೆಯ ಬ್ಯಾಚಿನವರಿಗೆ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಕೊಟ್ಟು, ನಂತರದ ಬ್ಯಾಚುಗಳ ಪದವಿಯನ್ನು ರದ್ದು ಮಾಡಿತು. ಆ ಪದವಿಯ ಬಲದಲ್ಲಿ ಬಡ್ತಿ ಪಡೆದವರ ಬಡ್ತಿಯೂ ಹೋಯಿತು.

ಇನ್ನು ಕುವೈತ್. ಅಲ್ಲಿ ಎಷ್ಟೋ ವರ್ಷ ಇಂಜಿನಿಯರ್ ಆಗಿ ದುಡಿದವರಿಗೆ 2018ರಲ್ಲಿ ಇದ್ದಕ್ಕಿದ್ದಂತೆ ಹೊಸ ಷರತ್ತು ಬಂತು. ಅಕಾಮ ನವೀಕರಿಸಬೇಕಾದರೆ ಕುವೈತ್ ಸೊಸೈಟಿ ಆಫ್ ಇಂಜಿನಿಯರ್ಸ್‌ನ ನಿರಾಕ್ಷೇಪಣಾ ಪತ್ರ ಬೇಕು, ಆ ಪತ್ರ ಬೇಕಾದರೆ ಭಾರತದಲ್ಲಿ ಕಲಿತ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಎನ್‌ಬಿಎ ಹುಟ್ಟಿದ್ದೇ 1994ರಲ್ಲಿ. ಅದು ಮಾನ್ಯತೆ ಕೊಡುವುದು ಇಡೀ ಕಾಲೇಜಿಗೆ ಅಲ್ಲ, ಒಂದೊಂದು ಕೋರ್ಸಿಗೆ. ಒಂದೇ ಕಾಲೇಜಿನ ಸಿವಿಲ್‌ಗೆ ಇರಬಹುದು, ಮೆಕ್ಯಾನಿಕಲ್‌ಗೆ ಇಲ್ಲದಿರಬಹುದು. ಕಾಲೇಜು ಸೇರುವಾಗ ಇದನ್ನು ಕೇಳಬೇಕೆಂದು ಯಾವ ಉಪ್ಪನಿಗೆ ಗೊತ್ತಿತ್ತು? ಇಂಜಿನಿಯರ್ ಎಂಬ ಹೆಸರು ಬಿಟ್ಟು ಬೇರೆ ಹುದ್ದೆಯ ಹೆಸರಿನಲ್ಲಿ ಅಕಾಮ ಮಾಡಿಸಿಕೊಳ್ಳಬೇಕಾಯಿತು ಕೆಲವರಿಗೆ. ಈಗ ಮಗನನ್ನು ಇಂಜಿನಿಯರಿಂಗ್‌ಗೆ ಸೇರಿಸುವವರು ಕ್ಯಾಂಪಸ್ಸಿನ ಕಟ್ಟಡ ನೋಡಿ ಬರುತ್ತಾರೆ. ಬರುವಾಗ ಆ ಬ್ರಾಂಚಿಗೆ ಎನ್‌ಬಿಎ ಉಂಟಾ, ಎಷ್ಟನೇ ಇಸವಿಯವರೆಗೆ ಎಂದು ಒಂದು ಮಾತು ಕೇಳಿ ಬನ್ನಿ.

ಯುಎಇಯಲ್ಲಿ ಕೆಲವು ವರ್ಷಗಳ ಹಿಂದೆ ಇನ್ನೂ ವಿಚಿತ್ರ ತೊಂದರೆ ಬಂದಿತ್ತು. ನಮ್ಮ ಅಂಕಪಟ್ಟಿಗಳಲ್ಲಿ ಇಂಟರ್ನಲ್ ಮಾರ್ಕ್ಸ್, ಎಕ್ಸ್‌ಟರ್ನಲ್ ಮಾರ್ಕ್ಸ್ ಎಂದು ಎರಡು ಕಾಲಮ್ ಇರುತ್ತದಲ್ಲ? ಎಕ್ಸ್‌ಟರ್ನಲ್ ಎಂದರೆ ಕಾಲೇಜಿಗೆ ಹೋಗದೆ ಹೊರಗಿನಿಂದ ಪರೀಕ್ಷೆ ಕಟ್ಟಿದವರು ಎಂದು ತಿಳಿದು ರೆಗ್ಯುಲರ್ ಓದಿದವರ ಡಿಗ್ರಿಗೂ ತತ್ಸಮಾನ ಪತ್ರ ನಿರಾಕರಿಸಿದ್ದರು. ಭಾರತದ ರಾಯಭಾರಿ ಕಚೇರಿ ಮಾತಾಡಿದ ಮೇಲೆ ಅದು ಸರಿಯಾಯಿತು. ಒಂದು ಶಬ್ದಕ್ಕೆ ಟೀಚರ್‌ಗಳ ಕೆಲಸ ತೂಗಾಡಿದ್ದು ನೋಡಿ. ಸೌದಿ ಕೂಡ 2025ರ ಜನವರಿಯಿಂದ ಭಾರತೀಯರ ವಿದ್ಯಾರ್ಹತೆಯನ್ನು ವೀಸಾ ಕೊಡುವ ಮೊದಲೇ ಪರಿಶೀಲಿಸುವ ಕ್ರಮ ತಂದಿದೆ. ನರ್ಸಿಂಗ್ ಮಾಡಿದ ನಮ್ಮ ಹೆಣ್ಣುಮಕ್ಕಳಿಗೆ ಡೇಟಾಫ್ಲೋ ಎಂದರೆ ಏನೆಂದು ಹೇಳಿಕೊಡಬೇಕಿಲ್ಲ. ಅವರು ನೇರವಾಗಿ ಕಾಲೇಜಿಗೇ ಬರೆದು ಕೇಳುತ್ತಾರೆ. ಕಾಲೇಜಿನ ಗುಮಾಸ್ತರು ಆ ಇಮೇಲ್ ತೆರೆಯದಿದ್ದರೆ ಹುಡುಗಿಯ ಫೈಲು ಅಲ್ಲೇ ನಿಲ್ಲುತ್ತದೆ. ಷರತ್ತು ಪೂರೈಸುವುದು ಅವಳ ಕೈಯಲ್ಲೇ ಇಲ್ಲ ಎಂದಾಯಿತು.

ಇಂತಹವರಿಗೆ ನಾನು ಹೇಳುವುದು, ಮೌನವಾಗಿ ಕಾಯಬೇಡಿ. ಕಾಲೇಜಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ತಡವಾಗುತ್ತಿರುವುದು ಯಾರಿಂದ ಎಂದು ಕಂಪೆನಿಗೆ ಇಮೇಲ್ ಮಾಡಿ, ದಿನ ವಿಸ್ತರಿಸಲು ಕೇಳಿ. ಫೋನಿನಲ್ಲಿ ಹೇಳಿದ್ದು ಮುಂದೆ ಕೇಸಾದರೆ ಲೆಕ್ಕಕ್ಕೆ ಬರುವುದು ಕಷ್ಟ.

ಈಗ ಕಹಿ ವಿಷಯ. ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಲೆಟರ್‌ಹೆಡ್ ಮಾಡಿಸಿ ಮೂರು ವರ್ಷದ ಎಕ್ಸ್‌ಪೀರಿಯನ್ಸ್ ಸರ್ಟಿಫಿಕೇಟ್ ತಯಾರಿಸುವುದು ನಮ್ಮಲ್ಲಿ ಸುಳ್ಳು ಎಂದೇ ಅನಿಸುವುದಿಲ್ಲ. ಎಲ್ಲರೂ ಮಾಡ್ತಾರೆ ಎನ್ನುತ್ತಾರೆ. ಐದು ಹೊತ್ತು ನಮಾಝ್ ಮಾಡುವವನೂ ಅದನ್ನು ಮಾಡಿಸಿಕೊಂಡು ಬಿಸ್ಮಿಲ್ಲಾ ಹೇಳಿ ಸಹಿ ಹಾಕುತ್ತಾನೆ. ಯುಎಇಯ 2021ರ ಕಾರ್ಮಿಕ ಕಾನೂನಿನ 44ನೇ ವಿಧಿಯಲ್ಲಿ ನೋಟಿಸ್ ಇಲ್ಲದೆ ವಜಾ ಮಾಡಬಹುದಾದ ಕಾರಣಗಳ ಪಟ್ಟಿ ಉಂಟು. ಅದರಲ್ಲಿ ಮೊದಲನೆಯದೇ ನಕಲಿ ದಾಖಲೆ. ಸೌದಿ ಕಾರ್ಮಿಕ ಕಾನೂನಿನ 80ನೇ ವಿಧಿಯಲ್ಲೂ ಕೆಲಸ ಪಡೆಯಲು ಫೋರ್ಜರಿ ಮಾಡಿದವನನ್ನು ಹಾಗೆಯೇ ಕಳುಹಿಸಬಹುದು. ಇಲ್ಲಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ ವಂಚನೆಗಾಗಿ ಫೋರ್ಜರಿ ಮಾಡಿದರೆ ಏಳು ವರ್ಷದವರೆಗೆ ಸಜೆ. ಸರ್ಟಿಫಿಕೇಟಿಗೆ ಅಂಗಡಿಯವನು ತೆಗೆದುಕೊಂಡದ್ದು ಐನೂರೋ ಸಾವಿರವೋ ಇರಬಹುದು. ಹತ್ತು ವರ್ಷ ಚೆನ್ನಾಗಿ ದುಡಿದ ಮೇಲೂ ಆ ಕಾಗದ ಫೈಲಿನಲ್ಲಿ ಕುಳಿತಿರುತ್ತದೆ, ಹೊಸ ಎಚ್‌ಆರ್ ಬಂದ ದಿನ ಹೊರಗೆ ಬರುತ್ತದೆ.

ಕರಾವಳಿಯಲ್ಲಿ ಇನ್ನೊಂದು ಪ್ರಶ್ನೆ ಉಂಟು, ಅದನ್ನು ಬಾಯಿಬಿಟ್ಟು ಕೇಳಲು ಹುಡುಗರು ಹೆದರುತ್ತಾರೆ: ಕಾಲೇಜು ದಿನಗಳಲ್ಲಿ ಪ್ರತಿಭಟನೆಗೆ ಹೋಗಿದ್ದಾಗ ಹೆಸರು ಎಫ್‌ಐಆರ್‌ಗೆ ಬಿದ್ದಿದೆ, ಪರಿಶೀಲನಾ ಫಾರ್ಮಿನಲ್ಲಿ ಬರೆಯಬೇಕಾ ಬೇಡವಾ? ಬರೆದರೆ ಕೆಲಸ ಹೋಗುತ್ತದೆ ಎಂಬ ಭಯದಲ್ಲಿ ಹೆಚ್ಚಿನವರು ‘ಇಲ್ಲ’ ಎಂದು ಗೀಚಿಬಿಡುತ್ತಾರೆ. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಸರಕಾರಿ ನೌಕರಿಯ ಮಟ್ಟಿಗೆ ಇದರ ಬಗ್ಗೆ ವಿವರವಾಗಿ ಹೇಳಿದೆ. ಕೇಳಿದ ಮಾಹಿತಿಯನ್ನು ನಿಜವಾಗಿ ಕೊಡಬೇಕು, ಅದರಲ್ಲಿ ರಿಯಾಯಿತಿ ಇಲ್ಲ. ಆದರೆ ಎಳೆಯ ವಯಸ್ಸಿನಲ್ಲಿ ಘೋಷಣೆ ಕೂಗಿದಂತಹ ಸಣ್ಣ ಪ್ರಕರಣವನ್ನು ಮುಚ್ಚಿಟ್ಟಿದ್ದರೆ ಅದನ್ನು ಬದಿಗಿಡುವ ವಿವೇಚನೆ ಕೆಲಸ ಕೊಡುವವರಿಗೆ ಉಂಟು. ಬಾಕಿ ಇರುವ ಸಣ್ಣ ಪ್ರಕರಣವನ್ನು ಪ್ರಾಮಾಣಿಕವಾಗಿ ಹೇಳಿಕೊಂಡವನನ್ನು ನೇಮಿಸಿಕೊಳ್ಳಲೂ ಬಹುದು. ಫಾರ್ಮಿನ ಪ್ರಶ್ನೆ ಸ್ಪಷ್ಟವಾಗಿರಬೇಕು, ಕೇಳದೇ ಇದ್ದದ್ದನ್ನು ಹೇಳಲಿಲ್ಲ ಎಂದು ಶಿಕ್ಷಿಸುವಂತಿಲ್ಲ. ನೋಡಿ, ಇಲ್ಲಿ ಘೋಷಣೆ ಕೂಗಿದ ಕೇಸಿಗಿಂತ ‘ಇಲ್ಲ’ ಎಂದು ಬರೆದ ಆ ಎರಡಕ್ಷರವೇ ಹೆಚ್ಚು ಅಪಾಯಕಾರಿ. ಬರೆಯುವ ಮೊದಲು ಒಬ್ಬ ವಕೀಲರ ಹತ್ತಿರ ಎಫ್‌ಐಆರ್ ಪ್ರತಿ ತೋರಿಸಿ, ಈಗ ಕೇಸು ಯಾವ ಹಂತದಲ್ಲಿದೆ ಎಂದು ತಿಳಿದುಕೊಳ್ಳಿ. ಖುಲಾಸೆಯಾಗಿದ್ದರೆ ತೀರ್ಪಿನ ಪ್ರತಿ ತೆಗೆದಿಟ್ಟುಕೊಳ್ಳಿ.

ಕಂಪೆನಿ ಮತ್ತು ಏಜೆಂಟರನ್ನು ಹಾಗೆಯೇ ಬಿಟ್ಟರೆ ಅನ್ಯಾಯವಾಗುತ್ತದೆ. ಷರತ್ತು ಎಂದರೆ ಅವರಿಗೆ ಬೇಕಾದ ಹಾಗೆ ಎಳೆಯುವ ರಬ್ಬರ್ ಅಲ್ಲ. ಯುಎಇಯಲ್ಲಿ 2016ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಕಾರ್ಮಿಕ ಊರಿನಲ್ಲೇ ಸಹಿ ಹಾಕಿದ ಆಫರ್ ಲೆಟರ್‌ನಲ್ಲಿ ಏನಿದೆಯೋ ಅದೇ ಕರಾರಿನಲ್ಲೂ ಇರಬೇಕು, ಕಾರ್ಮಿಕನಿಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ. ಅರಬಿ, ಇಂಗ್ಲಿಷ್ ಜೊತೆಗೆ ಕಾರ್ಮಿಕನಿಗೆ ಅರ್ಥವಾಗುವ ಭಾಷೆಯಲ್ಲೂ ಅದನ್ನು ಕೊಡಬೇಕೆಂದು ಭಾಷೆಗಳ ಪಟ್ಟಿ ಮಾಡಿದರು. ಅದರಲ್ಲಿ ಹಿಂದಿ ಉಂಟು, ಮಲಯಾಳಂ ಉಂಟು, ತಮಿಳು ಉಂಟು. ಕನ್ನಡ ಇರಲಿಲ್ಲ. ಬ್ಯಾರಿ ಮಕ್ಕಳಿಗೆ ಮಲಯಾಳಂ ಕೇಳಿದರೆ ಅರ್ಥವಾಗುತ್ತದೆ, ಓದಲು ಹೆಚ್ಚಿನವರಿಗೆ ಬರುವುದಿಲ್ಲ. ಹಾಗಾಗಿ ಗೊತ್ತಿಲ್ಲದ ಲಿಪಿಯ ಕೆಳಗೆ ಸಹಿ ಬೀಳುತ್ತದೆ. ಪ್ರೊಬೇಷನ್ ಆರು ತಿಂಗಳು ಮೀರುವಂತಿಲ್ಲ, ಆ ಅವಧಿಯಲ್ಲೂ ತೆಗೆದುಹಾಕಬೇಕಾದರೆ ಹದಿನಾಲ್ಕು ದಿನದ ಲಿಖಿತ ನೋಟಿಸ್ ಬೇಕು. ಇದು ಎಷ್ಟು ಮಂದಿಗೆ ಗೊತ್ತು?

ಇಲ್ಲಿ ಊರಿನಲ್ಲಿ 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದ ಏಜೆಂಟ್ ವಿದೇಶಕ್ಕೆ ಜನ ಕಳುಹಿಸುವುದೇ ಅಪರಾಧ. ನೋಂದಣಿ ಇದ್ದವರೂ ಸೇವಾ ಶುಲ್ಕವಾಗಿ 30,000 ರೂಪಾಯಿ ಮತ್ತು ಜಿಎಸ್‌ಟಿ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೆ ರಶೀದಿ ಕೊಡಬೇಕು. ಲಕ್ಷಗಟ್ಟಲೆ ಕೊಟ್ಟು ರಶೀದಿ ಕೇಳಲು ನಾಚಿಕೆಪಡುವವರು ನಾವು, ಏಕೆಂದರೆ ಏಜೆಂಟ್ ನಮ್ಮದೇ ಜಮಾಅತಿನವನು, ಸಂಬಂಧದಲ್ಲಿ ಕಾಕ ಆಗಬೇಕು. ಸಾಲದ ವ್ಯವಹಾರವನ್ನು ಬರೆದಿಡಬೇಕು, ಸಾಕ್ಷಿ ಇರಬೇಕು ಎಂಬ ಆದೇಶ ಕುರ್‌ಆನಿನ ಬಖರಾ ಅಧ್ಯಾಯದ 282ನೇ ವಚನದಲ್ಲಿದೆ. ಕುರ್‌ಆನಿನ ಅತ್ಯಂತ ದೀರ್ಘ ವಚನ ಅದು. ಬರೆದಿಡುವುದು ಅವಿಶ್ವಾಸ ಎಂದು ನಮಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಆಫರ್ ಲೆಟರ್ ಬಂದ ಮೇಲೆ ಮಾಡಬೇಕಾದ್ದು ಹೆಚ್ಚಿಲ್ಲ. ಯಾವ ಯಾವ ಷರತ್ತು, ಅದನ್ನು ಪೂರೈಸಲು ಕೊನೆಯ ದಿನ ಯಾವುದು, ಪರಿಶೀಲನೆ ಮುಗಿಯಿತು ಎಂದು ಲಿಖಿತವಾಗಿ ತಿಳಿಸುತ್ತಾರಾ ಎಂದು ಕಂಪೆನಿಗೆ ಕೇಳಿ. ಆ ಉತ್ತರ ಬರುವವರೆಗೆ ರಾಜೀನಾಮೆ ಬೇಡ, ಬಳೆ ಅಡವಿಡುವುದು ಬೇಡ. ಹೊಸ ಕಂಪೆನಿ ತಕ್ಷಣ ಸೇರಬೇಕೆಂದು ಒತ್ತಾಯಿಸಿದರೆ, ನೋಟಿಸ್ ಅವಧಿ ಉಂಟು ಎಂದು ಧೈರ್ಯದಿಂದ ಹೇಳಿ. ಹದಿನೈದು ದಿನ ಕಾಯಲು ಆಗದ ಕಂಪೆನಿ ಮೂರು ತಿಂಗಳ ಮೇಲೆ ನಿಮ್ಮನ್ನು ಹೇಗೆ ನಡೆಸಿಕೊಂಡೀತು ಎಂದು ಒಮ್ಮೆ ಯೋಚಿಸಿ.

ಜಮಾಅತ್ ಕಮಿಟಿಗಳಲ್ಲಿ ಒಂದು ವಿನಂತಿ. ನಮ್ಮ ಪ್ರತಿ ಮಹಲ್ಲ್‌ನಲ್ಲೂ ಈಗ ಒಬ್ಬರಾದರೂ ವಕೀಲರು, ಒಬ್ಬರಾದರೂ ಎಚ್‌ಆರ್ ಕೆಲಸ ಮಾಡಿದವರು, ಗಲ್ಫ್‌ನಿಂದ ನಿವೃತ್ತರಾಗಿ ಬಂದ ನಾಲ್ಕು ಮಂದಿ ಇದ್ದಾರೆ. ತಿಂಗಳಿಗೊಮ್ಮೆ ಜುಮಾ ಮುಗಿದ ಮೇಲೆ ಮದರಸದ ಒಂದು ಕೋಣೆಯಲ್ಲಿ ಇಬ್ಬರು ಕುಳಿತು ಮಕ್ಕಳ ಆಫರ್ ಲೆಟರ್ ಓದಿ ಹೇಳಲಿ. ಹೆಣ್ಣುಮಕ್ಕಳಿಗೆ ಬೇರೆ ಸಮಯ, ಹೇಳುವವರೂ ಹೆಣ್ಣುಮಕ್ಕಳೇ ಇರಲಿ, ನರ್ಸಿಂಗ್ ಮಾಡಿ ಬಂದ ಹಿರಿಯರು ಇದ್ದೇ ಇದ್ದಾರೆ. ಇದಕ್ಕೆ ಫಂಡ್ ಬೇಡ, ಬ್ಯಾನರ್ ಬೇಡ, ಉದ್ಘಾಟನೆಗೆ ಮಂತ್ರಿಗಳು ಬೇಡ. ಇದು ಜಮಾಅತಿನ ಕೆಲಸವಾ ಎಂದು ಕೇಳುವವರು ಇರುತ್ತಾರೆ. ನಿಕಾಹ್ ಪುಸ್ತಕದಲ್ಲಿ ಮಹ್ರ್ ಎಷ್ಟು, ಸಾಕ್ಷಿ ಯಾರು ಎಂದು ಅಷ್ಟು ಜಾಗ್ರತೆಯಿಂದ ಬರೆಸುವ ಜಮಾಅತಿಗೆ, ಅದೇ ಹುಡುಗನ ಸಂಬಳದ ಕಾಗದ ಓದುವುದು ಹೊರಗಿನ ಕೆಲಸ ಹೇಗಾಗುತ್ತದೆ? ಡಿಗ್ರಿ ಫಲಿತಾಂಶ ಬಂದು ಹೊಸ ಬ್ಯಾಚು ಊರಿಗೆ ಮರಳುವ ಮೊದಲೇ ಆ ಕೋಣೆಯ ಬಾಗಿಲು ತೆರೆದಿರಲಿ.